ಎರೆಭೂಮಿಯ ಭತ್ತಕ್ಕೆ ಸತು: ಮಣ್ಣಿಗೋ, ಎಲೆಗೋ?

ತುಂಗಭದ್ರಾ ಅಚ್ಚುಕಟ್ಟಿನ ಎರೆಭೂಮಿಯಲ್ಲಿ ನಾಟಿಯಾದ ಎರಡು ಮೂರು ವಾರಕ್ಕೆ ಪೈರು ಏಳಿಗೆ ಕಾಣದೆ, ಎಳೆಯ ಎಲೆಗಳ ನಡುನರ ಬುಡದಿಂದ ಬಿಳಿಚಿಕೊಂಡು, ಕೆಳಗಿನ ಎಲೆಗಳ ಮೇಲೆ ತುಕ್ಕುಬಣ್ಣದ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡರೆ ಸತುವಿನ (ಜಿಂಕ್) ಕೊರತೆಯನ್ನು ಶಂಕಿಸಬೇಕು. ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ತಜ್ಞ ವೈ.ಎಲ್. ನೆನೆಯವರು 1966ರಲ್ಲಿ ವರದಿ ಮಾಡಿದ 'ಖೈರಾ' ರೋಗ ಇದೇ. ಇದಕ್ಕೆ ಶಿಲೀಂಧ್ರನಾಶಕ ಸಿಂಪಡಿಸುವುದು ದಂಡ.

ಅಕ್ಕಪಕ್ಕದ ಮಡಿಗಳಲ್ಲಿ ನಾನು ಮೂರು ವಿಧಾನಗಳನ್ನು ಪರೀಕ್ಷಿಸಿದೆ. ಮೊದಲನೆಯದು, ನಾಟಿಗೆ ಮುನ್ನ ಎಕರೆಗೆ 10 ಕಿಲೋ ಲೆಕ್ಕದಲ್ಲಿ ಹರಳು ರೂಪದ ಜಿಂಕ್ ಸಲ್ಫೇಟನ್ನು ಮಣ್ಣಿಗೆ ಸೇರಿಸುವುದು. ಇದರಲ್ಲಿ ಶೇ 21ರಷ್ಟು ಸತುವಿದೆ. ಶೇ 33ರ ಪುಡಿಯಾದರೆ ಆರೂವರೆ ಕಿಲೋ ಸಾಕು, ಆದರೂ ಅಂಗಡಿಯಲ್ಲಿ ಎರಡಕ್ಕೂ ಒಂದೇ ಪ್ರಮಾಣ ಹೇಳುವುದುಂಟು. ರಂಜಕವಿರುವ ಡಿಎಪಿ ಗೊಬ್ಬರದ ಜೊತೆ ಬೆರೆಸಿದರೆ ಸತುವು ರಂಜಕದೊಡನೆ ಸೇರಿ ಕರಗದ ರೂಪ ತಾಳುವುದರಿಂದ ಇದನ್ನು ಬೇರೆಯಾಗಿಯೇ ಎರಚಿದೆ. ಈ ಮಡಿಯಲ್ಲಿ ಪೈರು ಸಮನಾಗಿ ಎದ್ದು ತೆಂಡೆ (ಬುಡದಿಂದ ಹೊರಡುವ ಕವಲು) ಚೆನ್ನಾಗಿ ಒಡೆಯಿತು. ಮುಂದಿನ ಬೆಳೆಗೂ ಸತುವನ್ನು ಮತ್ತೆ ಕೊಡಬೇಕಾಗಲಿಲ್ಲ.

ಎರಡನೆಯದರಲ್ಲಿ ಲಕ್ಷಣ ಕಂಡ ಮೇಲೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್ ಮತ್ತು ಎಲೆ ಸುಡದಂತೆ 2.5 ಗ್ರಾಂ ಸುಣ್ಣ ಬೆರೆಸಿ, ಸೋಸಿ ಸಿಂಪಡಿಸಿದೆ. ಹೊಸ ಎಲೆಗಳು ಬೇಗ ಹಸಿರಾದವು. ಆದರೆ ಅಷ್ಟರೊಳಗೆ ಕುಂಠಿತಗೊಂಡ ತೆಂಡೆಗಳು ಚೇತರಿಸಲಿಲ್ಲ. ಮಣ್ಣಿನ ಕೊರತೆಯೂ ಹಾಗೇ ಉಳಿಯಿತು. ಸುಣ್ಣದ ಗಸಿ ನಾಜಲ್ಲಿಗೆ ಸಿಕ್ಕಿಕೊಳ್ಳುವ ಕಿರಿಕಿರಿ ಬೇರೆ.

ಮೂರನೆಯದು, ಶೇ 12ರ ಚೀಲೇಟೆಡ್ ಜಿಂಕ್, ಅಂದರೆ ಸಾವಯವ ಸಂಯುಕ್ತದೊಡನೆ ಬಂಧಿಸಿದ ಸತುವಿನ ಸಿಂಪಡಣೆ. ಇದಕ್ಕೆ ಆ ಕಿರಿಕಿರಿಯಿಲ್ಲ, ಸುಣ್ಣವೂ ಬೇಡ. ಎಲೆ ಹಸಿರಾಗುವುದರಲ್ಲಿ ಸಲ್ಫೇಟ್ ಸಿಂಪಡಣೆಗಿಂತ ಹೆಚ್ಚಿನ ವ್ಯತ್ಯಾಸ ನನಗೆ ಕಾಣಲಿಲ್ಲ, ದರ ಮಾತ್ರ ಬಹಳ ಮೇಲಿದೆ.

ಹೀಗಾಗಿ ಮಣ್ಣು ಪರೀಕ್ಷೆಯಲ್ಲಿ ಲಭ್ಯ ಸತುವು 0.6 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 0.6 ಭಾಗ) ಕಡಿಮೆ ಬಂದ ಹೊಲಕ್ಕೆ ನಾಟಿಗೆ ಮೊದಲೇ ಸಲ್ಫೇಟ್ ಹಾಕುವುದನ್ನೇ ನಾನು ಆಯ್ದುಕೊಳ್ಳುತ್ತೇನೆ, ಸಿಂಪಡಣೆ ಆಪತ್ತಿಗೆ. ಗದ್ದೆ ಸಮ ಮಾಡುವಾಗ ಮೇಲ್ಮಣ್ಣು ಕೆರೆದು ಹೋದ ಮೂಲೆಗಳಲ್ಲಿ ಮಾತ್ರ ಎರಡನ್ನೂ ಮಾಡುತ್ತೇನೆ, ಏಕೆಂದರೆ ಚುಕ್ಕೆಗಳು ಮೊದಲು ಕಾಣುವುದು ಅಲ್ಲಿಯೇ.