ಹುಡಾಕ್ ವೆಬ್‌ಸೈಟ್: ಕಾಸರಗೋಡಿನ ಒಬ್ಬ ಜೂನಿಯರ್ ವಕೀಲೆಯ ಅನುಭವ

ನಮ್ಮ ಆಫೀಸಿಗೆ ಪೆರ್ಲ ಕಡೆಯ ಒಬ್ಬ ಅಜ್ಜ ಬರುತ್ತಾರೆ. ಅಡಿಕೆ ತೋಟದ ಗಡಿಯ ಕೇಸು. ಕಳೆದ ವಾಯಿದೆಯ ದಿನ ವಿದ್ಯಾನಗರದ ಕೋರ್ಟಿನ ಹೊರಗೆ ಕೂತಿದ್ದಾಗ ಕೇಳಿದರು: "ಮಗಳೇ, ಜಡ್ಜರೂ ಸರ್ಕಾರದ ಸಂಬಳದವರೇ ಅಲ್ವಾ? ಸರ್ಕಾರದ ವಿರುದ್ಧ ತೀರ್ಪು ಬರೆಯುವ ಧೈರ್ಯ ಎಲ್ಲಿಂದ ಬರ್ತದೆ?" ಕೆಳಗಿನ ಕೋರ್ಟಿನ ಜಡ್ಜರ ಪೋಸ್ಟಿಂಗ್, ಬಡ್ತಿ, ರಜೆ ಎಲ್ಲ ಹೈಕೋರ್ಟಿನ ಕೈಯಲ್ಲಿದೆ, ಸಂವಿಧಾನದ 235ನೇ ವಿಧಿ ಹಾಗೆ ಹೇಳುತ್ತದೆ ಎಂದೆ. "ಮಂತ್ರಿ ಕೈ ಹಾಕಿದರೆ?" ಎಂದರು. ಅದಕ್ಕೆ ಉತ್ತರ ಹುಡುಕುತ್ತಾ ರಾತ್ರಿ ಹುಡಾಕ್ (HUDOC) ತೆರೆದೆ.

ಇದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನ ತೀರ್ಪುಗಳ ಭಂಡಾರ. 46 ದೇಶಗಳು ಈ ಕೋರ್ಟಿನ ವ್ಯಾಪ್ತಿಯಲ್ಲಿವೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ನನ್ನಂಥ ಜೂನಿಯರ್‌ಗೆ ಇದೇ ದೊಡ್ಡ ಉಪಕಾರ.

ಹುಡುಕುವ ಜಾಗದಲ್ಲಿ 26374/18 ಎಂದು ಅರ್ಜಿ ನಂಬರ್ ಹಾಕಿ ನೋಡಿ. ಐಸ್‌ಲ್ಯಾಂಡಿನ ಕೇಸು. ಒಬ್ಬರು ಲೈಸೆನ್ಸ್ ಇಲ್ಲದೆ, ಮಾದಕ ವಸ್ತುವಿನ ನಶೆಯಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದರು. ತಪ್ಪನ್ನೂ ಒಪ್ಪಿಕೊಂಡಿದ್ದರು. ಮೇಲ್ಮನವಿ ಹೋದದ್ದು ಹೊಸದಾಗಿ ಶುರುವಾದ ಕೋರ್ಟಿಗೆ. ಅಲ್ಲಿಗೆ 15 ಜಡ್ಜರು ಬೇಕಿತ್ತು. ಪರಿಣತರ ಸಮಿತಿ ಅರ್ಹರಾದ 15 ಜನರ ಪಟ್ಟಿ ಕೊಟ್ಟಿತ್ತು. ನ್ಯಾಯ ಮಂತ್ರಿ ಅದರಲ್ಲಿ 4 ಹೆಸರು ತೆಗೆದು, ಕೆಳಗಿನ ಕ್ರಮಾಂಕದ ಬೇರೆ 4 ಹೆಸರು ಸೇರಿಸಿದರು. ಸಂಸತ್ತು ಒಬ್ಬೊಬ್ಬರ ಬಗ್ಗೆ ಬೇರೆಬೇರೆಯಾಗಿ ಮತ ಹಾಕಬೇಕಿತ್ತು. ಇಡೀ ಪಟ್ಟಿಯನ್ನು ಒಟ್ಟಿಗೇ ಪಾಸ್ ಮಾಡಿತು. ಹಾಗೆ ಬಂದ ನಾಲ್ವರಲ್ಲಿ ಒಬ್ಬರು ಈ ಮೇಲ್ಮನವಿಯ ಪೀಠದಲ್ಲಿದ್ದರು.

2020ರ ಡಿಸೆಂಬರ್ 1ರಂದು ಸ್ಟ್ರಾಸ್‌ಬರ್ಗಿನ 17 ಜಡ್ಜರು ಒಮ್ಮತದಿಂದ ಹೇಳಿದರು: ಇದು ಕಾನೂನಿನ ಪ್ರಕಾರ ರಚನೆಯಾದ ಕೋರ್ಟ್ ಅಲ್ಲ, ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 6ನೇ ವಿಧಿಯ (ನ್ಯಾಯಯುತ ವಿಚಾರಣೆಯ ಹಕ್ಕಿನ) ಉಲ್ಲಂಘನೆಯಾಗಿದೆ. ಆರೋಪಿ ತಪ್ಪು ಮಾಡಿದ್ದು ನಿಜ. ಆದರೂ ಅವನ ಮುಂದೆ ಕೂರುವ ಜಡ್ಜು ಸರಿಯಾದ ದಾರಿಯಲ್ಲಿ ಬಂದಿರಬೇಕು. ಈ ಸಾಲು ಓದುವಾಗ ಮೈ ಜುಮ್ಮೆಂದಿತು.

ಬಳಸುವವರಿಗೆ ಒಂದು ಮಾತು. ಈ ತೀರ್ಪು ನೂರು ಪುಟ ದಾಟುತ್ತದೆ, ಸುಮ್ನೆ ಮೊದಲಿಂದ ಓದಲು ಹೋಗಬೇಡಿ. ಪಕ್ಕದ ಫಿಲ್ಟರಿನಲ್ಲಿ 'ಲೀಗಲ್ ಸಮರೀಸ್' ಆರಿಸಿದರೆ ಸಾರಾಂಶ ಸಿಗುತ್ತದೆ. ಆಮೇಲೆ ಬೇಕಾದ ಪ್ಯಾರಾ ಮಾತ್ರ ತೆರೆಯಿರಿ. ಅಧಿಕೃತ ಭಾಷೆ ಇಂಗ್ಲಿಷ್ ಮತ್ತು ಫ್ರೆಂಚ್ ಮಾತ್ರ. ಬೇರೆ ಭಾಷೆಗೆ ಅನುವಾದ ಆಗಿದ್ದರೆ 'ಲ್ಯಾಂಗ್ವೇಜ್ ವರ್ಷನ್ಸ್'ನಲ್ಲಿ ಕಾಣುತ್ತದೆ. ಕನ್ನಡ ಇಲ್ಲ, ಅದನ್ನು ನಾವೇ ಮಾಡಿಕೊಳ್ಳಬೇಕು. ಇಂಗ್ಲಿಷ್ ತೊಂದರೆ ಇಲ್ಲದವರಿಗೆ ನಾನು ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಕನ್ನಡ ಮಾತ್ರ ಓದುವವರಿಗೆ ಪಕ್ಕದಲ್ಲಿ ಹೇಳಿಕೊಡುವ ಒಬ್ಬರು ಬೇಕು.

ನಾನು ಸಾರಾಂಶವನ್ನು ಎರಡು ಪುಟದಲ್ಲಿ ಕನ್ನಡದಲ್ಲಿ ಬರೆದು, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಅಜ್ಜನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. 4 ಎಂದು ಇದ್ದಲ್ಲಿ ಬೆರಳಿಟ್ಟು, "ಬರೀ ನಾಲ್ಕು ಹೆಸರಿಗೆ ಇಷ್ಟೆಲ್ಲ?" ಎಂದರು. ಹೌದು ಅಜ್ಜ, ನಾಲ್ಕಕ್ಕೇ ಎಂದೆ. ಕಾಗದವನ್ನು ತೋಟದ ತೆರಿಗೆ ರಶೀದಿಯ ಜೊತೆ ಚೀಲದಲ್ಲಿಟ್ಟರು.

ಹಂಗೇರಿಯ ಸುಪ್ರೀಂ ಕೋರ್ಟಿನ ಅಧ್ಯಕ್ಷರು ಸರ್ಕಾರದ ಸುಧಾರಣೆಗಳನ್ನು ಟೀಕಿಸಿ, ಅವಧಿಗೆ ಮೊದಲೇ ಕುರ್ಚಿ ಕಳೆದುಕೊಂಡ ಕೇಸೂ ಹುಡಾಕ್‌ನಲ್ಲಿದೆ. ನಂಬರ್ 20261/12, ತೀರ್ಪು 2016ರದ್ದು. ಅದನ್ನು ಮುಂದಿನ ವಾಯಿದೆಗೆ ಕನ್ನಡದಲ್ಲಿ ತಂದುಕೊಡುತ್ತೇನೆ ಎಂದು ಅಜ್ಜನಿಗೆ ಮಾತು ಕೊಟ್ಟಿದ್ದೇನೆ.