ಮಸಾಜ್ ಗನ್: ಎರಡು ವರ್ಷ, ಎರಡು ಮಷಿನ್

ನನ್ನ ಹತ್ತಿರ ಈಗ ಎರಡು ಮಸಾಜ್ ಗನ್ ಇವೆ, ಅಂದರೆ ಸ್ನಾಯುಗಳಿಗೆ ಪಟಪಟ ಏಟು ಕೊಡುವ ಕೈಮಷಿನ್. ಒಂದು ಬೀರುವಿನ ಮೇಲೆ ಧೂಳು ಹಿಡಿದು ಕೂತಿದೆ. ಇನ್ನೊಂದು ಸೋಫಾ ಪಕ್ಕದಲ್ಲೇ ಇರುತ್ತದೆ, ವಾರಕ್ಕೆ ನಾಲ್ಕೈದು ಸಲ ಕೈಗೆ ಬರುತ್ತದೆ. ಮೊದಲನೆಯದನ್ನು ಕೊಂಡಾಗ ನಾನು ನೋಡಿದ್ದು ಎರಡೇ ಸಂಗತಿ: ಎಷ್ಟು ಸ್ಪೀಡ್ ಇದೆ, ತುದಿಗೆ ಸಿಕ್ಕಿಸುವ ತಲೆ ಎಷ್ಟು ಕೊಡುತ್ತಾರೆ. 30 ಸ್ಪೀಡ್, 8 ತಲೆ. ಡಬ್ಬಿ ಬಿಚ್ಚಿದಾಗ ಭಾರೀ ಖುಷಿ. ಆ ಖುಷಿ ಒಂದು ವಾರ ಇತ್ತು.

ನಾನು ವಾರಕ್ಕೆ ಮೂರು ದಿನ ಓಡುತ್ತೇನೆ. ಉಳಿದ ಹೊತ್ತೆಲ್ಲ ಕುರ್ಚಿಯಲ್ಲೇ. ಹಾಗಾಗಿ ಮೀನಖಂಡ, ತೊಡೆಯ ಹಿಂಭಾಗ, ಭುಜ ಇವೇ ನನಗೆ ಹಿಡಿದುಕೊಳ್ಳುವ ಜಾಗಗಳು. ಮೊದಲ ಮಷಿನ್ನನ್ನು ಮೀನಖಂಡದ ಮೇಲಿಟ್ಟು ಸ್ವಲ್ಪ ಒತ್ತಿದರೆ ಸಾಕು, ಸದ್ದು ಗುರ್ರ್ ಅಂತ ಇಳಿದು ನಿಂತೇ ಹೋಗುತ್ತಿತ್ತು. ಕೈ ಎತ್ತಿದರೆ ಮತ್ತೆ ಶುರು. ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ, ಅದರ ತಾಕತ್ತೇ ಅಷ್ಟು.

ಇದಕ್ಕೆ ಸ್ಟಾಲ್ ಫೋರ್ಸ್ ಅಂತಾರೆ. ಎಷ್ಟು ಒತ್ತಿದರೆ ಮೋಟಾರ್ ನಿಲ್ಲುತ್ತದೆ ಅನ್ನುವ ಲೆಕ್ಕ. ಸಾಮಾನ್ಯವಾಗಿ ಪೌಂಡ್‌ನಲ್ಲಿ ಬರೆದಿರುತ್ತಾರೆ. ಚಿಕ್ಕ ಮಷಿನ್‌ಗಳಲ್ಲಿ 20ರ ಆಸುಪಾಸು, ದೊಡ್ಡವುಗಳಲ್ಲಿ 40ರಿಂದ 60. ಈಗ ನಾನು ಬಳಸುವುದು 40ರದ್ದು, ಅಂದರೆ ಸುಮಾರು 18 ಕೆಜಿ ಒತ್ತಡ. ಅಷ್ಟು ಒತ್ತುವ ಅಗತ್ಯ ನನಗೆ ಯಾವತ್ತೂ ಬಂದಿಲ್ಲ. ಆದರೆ ತೊಡೆಯಂಥ ದಪ್ಪ ಸ್ನಾಯುವಿನ ಮೇಲೆ ಮಷಿನ್ ಉಸಿರುಗಟ್ಟದೆ ಒಂದೇ ಸಮ ಓಡಬೇಕಲ್ವಾ, ಅದಕ್ಕೆ ಬೇಕು.

ಇದಕ್ಕಿಂತ ಮುಖ್ಯವಾದದ್ದು ಆಂಪ್ಲಿಟ್ಯೂಡ್. ಒಂದು ಏಟಿಗೆ ತಲೆ ಎಷ್ಟು ಮುಂದೆ ಬಂದು ಹಿಂದೆ ಹೋಗುತ್ತದೆ ಅನ್ನುವುದು. ಜೇಬಿನಲ್ಲಿಡುವಂಥವುಗಳಲ್ಲಿ 6ರಿಂದ 8 ಮಿಮೀ, ಮಧ್ಯಮದವುಗಳಲ್ಲಿ 10ರಿಂದ 12, ಥೆರಾಗನ್ ಅನ್ನುವ ಬ್ರ್ಯಾಂಡಿನ ದೊಡ್ಡ ಮಾದರಿಗಳಲ್ಲಿ 16. ಕಾಗದದ ಮೇಲೆ ನಾಲ್ಕೈದು ಮಿಮೀ ಏನು ಮಹಾ ಅನ್ನಿಸುತ್ತದೆ. ಮೈಮೇಲೆ ಇಟ್ಟಾಗ ಗೊತ್ತಾಗುತ್ತದೆ. ಹಳೆಯದು ಚರ್ಮವನ್ನು ನಡುಗಿಸುತ್ತಿತ್ತು, ಎರಡು ನಿಮಿಷದಲ್ಲಿ ಜಾಗ ನವೆ ಬರುತ್ತಿತ್ತು. 12 ಮಿಮೀಯ ಹೊಸದು ಗುದ್ದುತ್ತದೆ, ಏಟು ಒಳಗೆ ಇಳಿದದ್ದು ತಿಳಿಯುತ್ತದೆ.

ಹಳೆಯದರ ಡಬ್ಬಿಯ ಮೇಲೂ 10 ಮಿಮೀ ಅಂತಲೇ ಇತ್ತು! ಅನುಮಾನ ಬಂದು ಒಂದು ದಿನ ತಲೆಯ ಪಕ್ಕ ಸ್ಕೇಲ್ ಹಿಡಿದು, ಅತಿ ಕಡಿಮೆ ಸ್ಪೀಡ್‌ನಲ್ಲಿ ಓಡಿಸಿ, ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿದೆ. ಒಂದೊಂದೇ ಚಿತ್ರ ಸರಿಸಿ ನೋಡಿದರೆ 7 ಗೆರೆ ದಾಟುತ್ತಲೇ ಇಲ್ಲ. ನೀವೂ ಕೊಂಡ ದಿನವೇ ಇದನ್ನು ಮಾಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ. ನಾನು ಮಾಡಿದ್ದು ನಾಲ್ಕು ತಿಂಗಳ ಮೇಲೆ.

ಸ್ಪೀಡ್ ವಿಚಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮಿಷಕ್ಕೆ 3,200 ಏಟು ಅಂದರೆ ಸೆಕೆಂಡಿಗೆ 53. ನಾನು 2,000 ದಾಟುವುದೇ ಅಪರೂಪ. ಮೂರು ಸ್ಪೀಡ್ ಇದ್ದರೆ ಧಾರಾಳವಾಯಿತು.

ಹಿಡಿಕೆ ಬಗ್ಗೆ ಯಾರೂ ಹೇಳಿರಲಿಲ್ಲ. ಪಿಸ್ತೂಲಿನ ಆಕಾರದ ಮಷಿನ್ ಕಾಲಿಗೆ ಚೆನ್ನ. ಭುಜದ ಹಿಂದಕ್ಕೆ ಹಿಡಿಯಬೇಕಾದರೆ ಮಣಿಕಟ್ಟು ತಿರುಚಬೇಕು. ಭುಜದ ನೋವು ತೆಗೆಯಲು ಹೋಗಿ ಮಣಿಕಟ್ಟಿನ ನೋವು ತಂದುಕೊಂಡ ಹಾಗೆ. ಥೆರಾಗನ್‌ಗೆ ಆ ತ್ರಿಕೋನದ ಹಿಡಿಕೆ ಯಾಕೆ ಅಂತ ಆಗ ಅರ್ಥವಾಯಿತು. ಅದನ್ನು ಮಾಡಿದ ಜೇಸನ್ ವರ್ಸ್‌ಲ್ಯಾಂಡ್ 2007ರಲ್ಲಿ ಬೈಕ್ ಅಪಘಾತವಾದ ಮೇಲೆ ತನ್ನ ನೋವಿಗೇ ಅಂತ ಒಂದು ಪವರ್ ಟೂಲನ್ನು ಬದಲಾಯಿಸಿಕೊಂಡು ಶುರು ಮಾಡಿದವರು. ತನ್ನ ಮೈಗೆ ತಾನೇ ಹಿಡಿದವರಿಗೆ ಮಾತ್ರ ಹೊಳೆಯುವ ಆಕಾರ ಅದು. ತೂಕವೂ ನೋಡಿ. ನನ್ನದು 900 ಗ್ರಾಂ. ಕಾಲಿಗೆ ಹಿಡಿದಾಗ ಏನೂ ಅನ್ನಿಸುವುದಿಲ್ಲ, ಕೈ ಮೇಲೆತ್ತಿ ಮೂರು ನಿಮಿಷ ಹಿಡಿದರೆ ತೋಳು ನಡುಗುತ್ತದೆ. ಬೆನ್ನಿನ ನಡುಭಾಗ ಮಾತ್ರ ಇವತ್ತಿಗೂ ಹೆಂಡತಿಯ ಕೃಪೆ.

ಇನ್ನು ಅಸಲು ಪ್ರಶ್ನೆ, ಇದರಿಂದ ಏನಾದರೂ ಉಪಯೋಗ ಇದೆಯಾ? ಇದೆ, ಜಾಹೀರಾತಿನಷ್ಟಿಲ್ಲ. ಲ್ಯಾಕ್ಟಿಕ್ ಆಸಿಡ್ ಹೊರಗೆ ಹಾಕುತ್ತದೆ ಅನ್ನುವುದನ್ನು ಬಿಟ್ಟುಬಿಡಿ. ಅದು ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ತಾನಾಗಿಯೇ ಕರಗುತ್ತದೆ. ಮಾರನೇ ದಿನ, ಮೂರನೇ ದಿನ ಮೆಟ್ಟಿಲು ಇಳಿಯುವಾಗ ಪ್ರಾಣ ಹೋಗುತ್ತದಲ್ಲ, ಆ ನೋವಿಗೆ ಕಾರಣ ಬೇರೆ. ರೂಢಿಯಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಆಗುವ ಸಣ್ಣ ಪೆಟ್ಟು ಅದು. ಇಳಿಜಾರಿನಲ್ಲಿ ಓಡಿದಾಗ ಜಾಸ್ತಿ. ಆ ನೋವಿನ ದಿನಗಳನ್ನು ನನ್ನ ಮಷಿನ್ ಕಡಿಮೆ ಮಾಡಿದ್ದನ್ನು ನಾನು ಕಂಡಿಲ್ಲ. ಹಿಡಿದ ಮೇಲೆ ಅರ್ಧ ಗಂಟೆ, ಒಂದು ಗಂಟೆ ಹಗುರ ಅನ್ನಿಸುತ್ತದೆ. ಅಷ್ಟು ಹೊತ್ತಿನಲ್ಲಿ ನಿದ್ದೆ ಹತ್ತಿದರೆ ಅದೇ ಲಾಭ.

ನನಗೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಓಡುವ ಮುಂಚೆ. 2020ರಲ್ಲಿ ಪ್ರಕಟವಾದ 16 ಜನರ ಒಂದು ಚಿಕ್ಕ ಅಧ್ಯಯನದಲ್ಲಿ ಮೀನಖಂಡಕ್ಕೆ 5 ನಿಮಿಷ ಹಿಡಿದಾಗ ಪಾದ ಮೇಲಕ್ಕೆ ಬಾಗುವುದು ಸುಮಾರು 5 ಡಿಗ್ರಿ ಹೆಚ್ಚಿತ್ತು. ಸ್ನಾಯುವಿನ ಬಲ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ನನ್ನ ಅನುಭವವೂ ಹಾಗೇ. ಬೆಳಿಗ್ಗೆ ಎದ್ದಾಗ ಮರದ ತುಂಡಿನಂತಿರುವ ಕಾಲು, ಒಂದೊಂದಕ್ಕೂ ಒಂದು ನಿಮಿಷ ಹಿಡಿದರೆ ಸಡಿಲವಾಗುತ್ತದೆ.

ಒಂದು ಸಲ ಬುದ್ಧಿಗೇಡಿತನ ಮಾಡಿದೆ. ತೊಡೆಯಲ್ಲಿ ಒಂದು ಗಂಟು ಸಿಕ್ಕಿತು. ಚೂಪು ತಲೆ ಹಾಕಿ, ಫುಲ್ ಸ್ಪೀಡ್ ಇಟ್ಟು, ಟಿವಿ ನೋಡುತ್ತಾ ಒಂದೇ ಜಾಗದಲ್ಲಿ ಹತ್ತು ನಿಮಿಷ ಹಿಡಿದೆ. ಮಾರನೇ ದಿನ ಅಂಗೈಯಗಲ ನೀಲಿ. ಅತಿಯಾಗಿ ಹಿಡಿದು ಸ್ನಾಯು ಒಡೆದು ಆಸ್ಪತ್ರೆ ಸೇರಿದವರ ಪ್ರಕರಣವೂ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ ಅಂತ ಆಮೇಲೆ ಓದಿ ಬೆವರಿದೆ. ಈಗ ಒಂದು ಸ್ನಾಯುವಿಗೆ ಎರಡು ನಿಮಿಷ, ಮಷಿನ್ ನಿಧಾನಕ್ಕೆ ಸರಿಯುತ್ತಲೇ ಇರಬೇಕು. ಒತ್ತುವುದಿಲ್ಲ, ಅದರ ತೂಕವೇ ಸಾಕು. ಮೂಳೆ, ಮಂಡಿ, ಕತ್ತಿನ ಮುಂಭಾಗ, ಪಕ್ಕ ಯಾವುದಕ್ಕೂ ಹಿಡಿಯಬೇಡಿ. ನಮ್ಮತ್ತೆ ಒಂದು ದಿನ "ನನ್ನ ಕಾಲಿಗೂ ಒಂಚೂರು ಹಿಡಿ" ಅಂದರು. ಅವರ ಕಾಲಲ್ಲಿ ನರ ಉಬ್ಬಿವೆ, ಮೇಲಾಗಿ ರಕ್ತ ತೆಳುವಾಗಿಸುವ ಮಾತ್ರೆ ಬೇರೆ ತಗೊಳ್ತಾರೆ. ಆಗೋದಿಲ್ಲ ಅತ್ತೆ ಅಂದೆ. ಎರಡು ದಿನ ಮಾತಾಡಲಿಲ್ಲ.

ಬ್ಯಾಟರಿ 6 ಗಂಟೆ ಅಂತ ಬರೆದಿದ್ದರು. ಕಡಿಮೆ ಸ್ಪೀಡಲ್ಲಿ ಸುಮ್ನೆ ಗಾಳಿಯಲ್ಲಿ ಹಿಡಿದರೆ ಇರಬಹುದೇನೋ. ನನಗೆ ಬಂದಿದ್ದು ಎರಡೂವರೆ, ಒಂದೂವರೆ ವರ್ಷದ ಮೇಲೆ ಈಗ ಎರಡು. ಹತ್ತು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕು. ಚಾರ್ಜರ್ ಮಾತ್ರ ಟೈಪ್-ಸಿ ಇರುವುದನ್ನೇ ತಗೊಳ್ಳಿ. ವಿಮಾನದಲ್ಲಿ ಹೋಗುವಾಗ ಲಿಥಿಯಂ ಬ್ಯಾಟರಿ ಇರುವುದರಿಂದ ಕೈಚೀಲದಲ್ಲೇ ಇಟ್ಟುಕೊಳ್ಳುತ್ತೇನೆ. ತಪಾಸಣೆಯವರು ಏನಿದು ಅಂದರೆ "ಮಸಾಜರ್" ಅನ್ನಿ. ಆ ಜಾಗದಲ್ಲಿ "ಗನ್" ಅನ್ನುವ ಶಬ್ದ ಬೇಡ.

ಹೊಸದರ ಮೇಲೆ ನನಗಿರುವ ದೂರು ಒಂದೇ. 14ನೇ ತಿಂಗಳಿಗೆ ದುಂಡು ತಲೆಯ ಫೋಮ್ ಬಿರುಕು ಬಿಟ್ಟು ಪುಡಿ ಉದುರಲು ಶುರುವಾಯಿತು. ಕಂಪನಿಗೆ ಕೇಳಿದರೆ ತಲೆ ಬಿಡಿಯಾಗಿ ಸಿಗುವುದಿಲ್ಲವಂತೆ. ಬೀರುವಿನ ಮೇಲಿನ ಹಳೆಯ ಡಬ್ಬಿ ಇಳಿಸಿ ಅದರ ದುಂಡು ತಲೆ ಹಾಕಿ ನೋಡಿದೆ. ಸ್ವಲ್ಪ ಸಡಿಲ. ದಂಡಕ್ಕೆ ಎರಡು ಸುತ್ತು ಟೇಪ್ ಸುತ್ತಿದ ಮೇಲೆ ಗಟ್ಟಿಯಾಗಿ ಕೂತಿತು. 8 ತಲೆಯಲ್ಲಿ ಅಂತೂ ಒಂದು ಕೆಲಸಕ್ಕೆ ಬಂತು.