ಕಡಿಮೆ ಖರ್ಚಿನ ವಿಪಿಎನ್: ಮುಲ್ವಾಡ್ ಮತ್ತು ಪ್ರೋಟಾನ್

ವಿಜಯಪುರದ ಕೆಲವು ಲಾಡ್ಜುಗಳಲ್ಲಿ ವೈಫೈ ಪಾಸ್‌ವರ್ಡನ್ನು ಕೌಂಟರಿನ ಗೋಡೆಗೇ ಅಂಟಿಸಿರುತ್ತಾರೆ. ಅಂಥಲ್ಲಿ ಕುಳಿತು ಕಚೇರಿಯ ಕೆಲಸ ಮಾಡುವವರಿಗೆ ವಿಪಿಎನ್ (ನಮ್ಮ ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಗೆ ಇಳಿಸಿ ತನ್ನ ಸರ್ವರ್, ಅಂದರೆ ದೂರದ ಕಂಪ್ಯೂಟರ್, ಮೂಲಕ ಸಾಗಿಸುವ ಸೇವೆ) ಬೇಕೆನಿಸುವುದು ಸಹಜ. ಆದರೆ ಅಂತರ್ಜಾಲದಲ್ಲಿನ ನಮ್ಮ ಓಡಾಟವನ್ನು ಇಂಟರ್ನೆಟ್ ಕಂಪನಿಯಿಂದ ಮರೆಮಾಚಿ ವಿಪಿಎನ್ ಕಂಪನಿಯ ಕಣ್ಣಿಗೆ ಒಪ್ಪಿಸುತ್ತೇವೆ ಎಂಬುದು ನೆನಪಿರಬೇಕು; ಆದ್ದರಿಂದ ದರಕ್ಕಿಂತ ಮೊದಲು, ಅವರು ಏನನ್ನು ದಾಖಲಿಸಿಡುತ್ತಾರೆ ಎಂಬುದನ್ನು ನೋಡುವುದು ಲೇಸು.

ಈ ದೃಷ್ಟಿಯಿಂದ ನನಗೆ ಹೆಚ್ಚು ಹಿಡಿಸಿದ್ದು ಸ್ವೀಡನ್ನಿನ ಮುಲ್ವಾಡ್. ತಿಂಗಳಿಗೆ 5 ಯೂರೋ. ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೂ ಅದೇ ದರ. ಹೆಸರು, ಇಮೇಲ್ ಯಾವುದನ್ನೂ ಕೇಳದೆ 16 ಅಂಕಿಗಳ ಖಾತೆ ಸಂಖ್ಯೆಯೊಂದನ್ನು ಕೊಡುತ್ತದೆ, ಅದನ್ನು ಬರೆದಿಟ್ಟುಕೊಳ್ಳುವುದು ನಮ್ಮ ಹೊಣೆ. 2023ರ ಏಪ್ರಿಲ್‌ನಲ್ಲಿ ಅದರ ಕಚೇರಿಗೆ ತಪಾಸಣೆಗೆಂದು ಬಂದ ಪೊಲೀಸರು ಗ್ರಾಹಕರ ಮಾಹಿತಿ ಸಿಗದೆ ಬರಿಗೈಯಲ್ಲಿ ಮರಳಿದ್ದು ಯಾವ ಜಾಹೀರಾತಿಗಿಂತಲೂ ದೊಡ್ಡ ಸಾಕ್ಷಿ.

ಖರ್ಚೇ ಬೇಡವೆನ್ನುವವರಿಗೆ ಸ್ವಿಟ್ಜರ್ಲೆಂಡಿನ ಪ್ರೋಟಾನ್ ವಿಪಿಎನ್‌ನ ಉಚಿತ ಯೋಜನೆ ಸಾಕು. ಡೇಟಾ ಮಿತಿಯಿಲ್ಲ, ಆದರೆ ಒಂದೇ ಸಾಧನ, ದೇಶದ ಆಯ್ಕೆಯೂ ನಮ್ಮ ಕೈಯಲ್ಲಿಲ್ಲ.

ಗ್ರಾಹಕರ ವಿವರಗಳನ್ನು 5 ವರ್ಷ ಕಾಯ್ದಿಡಬೇಕೆಂಬ, ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ನಂತರ ಹಲವು ಕಂಪನಿಗಳು ಭಾರತದೊಳಗಿನ ಸರ್ವರ್‌ಗಳನ್ನು ತೆಗೆದವು. ಹೀಗಾಗಿ ಇಲ್ಲಿಂದ ಸಿಂಗಪುರದಂಥ ಹತ್ತಿರದ ಸರ್ವರನ್ನು ಆರಿಸಿದರೆ ವೇಗ ಅಷ್ಟಾಗಿ ಕುಗ್ಗದು. ಎರಡು ವರ್ಷಕ್ಕೆ ಭಾರೀ ರಿಯಾಯಿತಿ ತೋರಿಸುವ ಯೋಜನೆಗಳಲ್ಲಿ ಮಾತ್ರ ನವೀಕರಣದ ದರವನ್ನು ಓದಿಯೇ ಹಣ ಕಟ್ಟಿ. ಸಣ್ಣ ಅಕ್ಷರದಲ್ಲಿರುವುದು ಅದೇ.